ದಯೆಯ ವೆಚ್ಚ

ದಯೆಯು ಉತ್ತಮಗುಣವೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿರಲಾರದು. ಆದರೆ ದಯೆ ತೋರಿದವನೊಬ್ಬ, ಅದರ ನಷ್ಟವನ್ನು ಅನುಭವಿಸುವವನು ಮತ್ತೊಬ್ಬ ಎಂದಾದಲ್ಲಿ ಅದು ಧರ್ಮವೆನಿಸುವುದೆ? ಫ್ರಾನ್ಸ್ ದೇಶಕ್ಕೆ ತೋಳಗಳು ಮರಳಿದ ವೃತ್ತಾಂತವು ಈ ಪ್ರಶ್ನೆಯನ್ನು ಎತ್ತುತ್ತದೆ.

ಆ ದೇಶದಲ್ಲಿ ಪೂರ್ವಕಾಲದಲ್ಲಿ ತೋಳವನ್ನು ಕೊಂದವನಿಗೆ ಸರಕಾರವೇ ಬಹುಮಾನ ಕೊಡುತ್ತಿದ್ದಿತು. 1882ರ ಕಾಯಿದೆಯು ಅದನ್ನು ಇನ್ನಷ್ಟು ಹೆಚ್ಚಿಸಿತು. ಬಂದೂಕಿಗೂ ವಿಷಕ್ಕೂ ತುತ್ತಾಗಿ 20ನೆಯ ಶತಮಾನದ ಪೂರ್ವಾರ್ಧದಲ್ಲಿ ಆ ಜಾತಿಯು ಅಲ್ಲಿ ನಿಶ್ಶೇಷವಾಯಿತು. ನೆರೆಯ ಇಟಲಿಯಲ್ಲಿಯೂ 1970ರ ಸುಮಾರಿಗೆ ಉಳಿದಿದ್ದವು ನೂರರಷ್ಟು ಮಾತ್ರ. 1971ರಲ್ಲಿ ಅಲ್ಲಿ ಅವುಗಳ ಬೇಟೆಯು ನಿಷಿದ್ಧವಾದ ಮೇಲೆ ಅವು ವೃದ್ಧಿಹೊಂದಿ, ಬೆಟ್ಟಸಾಲುಗಳ ಮೇಲೆಯೇ ಸರಿಯುತ್ತ, 1992ರಲ್ಲಿ ಫ್ರಾನ್ಸಿನ ಮರ್ಕಾಂಟೂರ್ ರಾಷ್ಟ್ರೀಯೋದ್ಯಾನದಲ್ಲಿ ಕಾಣಿಸಿಕೊಂಡವು. ಅವನ್ನು ಯಾರೂ ತಂದು ಬಿಟ್ಟುದಲ್ಲ, ತಾವಾಗಿಯೇ ಬಂದವು.

ಪಟ್ಟಣದ ಅನೇಕರು ಇದನ್ನು ಕೇಳಿ ಹರ್ಷಿಸಿದರು. ಕುರಿಗಾಹಿಗಳಿಗಾದರೋ ಇದು ಸಂಕಟವಾಯಿತು. ತೋಳವಿಲ್ಲದ ಕಾಲದಲ್ಲಿ ಆಲ್ಪ್ಸ್ ಪರ್ವತದ ಬೇಸಗೆಯ ಹುಲ್ಲುಗಾವಲುಗಳಲ್ಲಿ ಹಲವರು ಮಂದೆಗಳನ್ನು ಕಾವಲಿಲ್ಲದೆ ಬಿಡುವುದನ್ನು ರೂಢಿಮಾಡಿಕೊಂಡಿದ್ದರು. ಇಟಲಿಯ ಅಬ್ರುಝೋ ಸೀಮೆಯಲ್ಲಿ ತೋಳವು ಎಂದೂ ಅಳಿಯಲಿಲ್ಲವಾದುದರಿಂದ, ದೊಡ್ಡ ಬಿಳಿಯ ನಾಯಿಗಳನ್ನು ಮಂದೆಗೆ ಕಾವಲಿಡುವ ಪದ್ಧತಿಯೂ ಅಳಿಯಲಿಲ್ಲ. ಫ್ರಾನ್ಸಿನವರು ಮರೆತುದನ್ನು ಹೊಸದಾಗಿ ಕಲಿಯಬೇಕಾಯಿತು.

ತೋಳವು ಪಾಪಿಯಲ್ಲ, ಹಸಿದ ಮೃಗಕ್ಕೆ ಧರ್ಮಾಧರ್ಮಗಳ ವಿಚಾರವಿಲ್ಲ. ಕುರಿಗಾಹಿಯೂ ಕ್ರೂರಿಯಲ್ಲ, ತಾನು ಹಾಲೂಡಿಸಿ ಬದುಕಿಸಿದ ಮರಿಯು ಸೀಳಿಬಿದ್ದುದನ್ನು ಕಂಡವನ ಕೋಪಕ್ಕೂ ದಯೆಯೇ ಮೂಲ. ಹೀಗಿರುವಲ್ಲಿ ಒಂದು ಜಾತಿಯನ್ನು ಭೂಮಿಯಿಂದ ಅಳಿಸುವ ಅಧಿಕಾರ ಮನುಷ್ಯನಿಗಿಲ್ಲವೆಂಬುದು ಎಷ್ಟು ಸತ್ಯವೋ, ಎಲ್ಲರ ಪುಣ್ಯಕ್ಕಾಗಿ ಒಬ್ಬನ ಜೀವನೋಪಾಯವನ್ನು ಬಲಿಗೊಡಬಾರದೆಂಬುದೂ ಅಷ್ಟೇ ಸತ್ಯವು.

ಸರಕಾರವು ಸತ್ತ ಕುರಿಗಳಿಗೆ ಪರಿಹಾರ ಕೊಡುತ್ತದೆ. ನಾಯಿ, ಬೇಲಿ, ಕಾವಲಾಳುಗಳ ವೆಚ್ಚದಲ್ಲಿಯೂ ಪಾಲು ಹೊರುತ್ತದೆ. ಆದರೆ ನಿದ್ದೆಗೆಟ್ಟ ರಾತ್ರಿಗಳಿಗೆ ಬೆಲೆ ಕಟ್ಟುವುದು ಹೇಗೆ? ಪಶುಪಾಲಕರ ಮೊರೆಯು ಬೆಳೆದು, 2024ರ ಡಿಸೆಂಬರಿನಲ್ಲಿ ಬರ್ನ್ ಒಡಂಬಡಿಕೆಯ ಸಭೆಯು ತೋಳಕ್ಕಿದ್ದ ರಕ್ಷಣೆಯ ಬಿಗಿಯನ್ನು ಸಡಿಲಿಸಿತು. ಕೆಲವರ ಬೆನ್ನಿನ ಮೇಲೆಯೇ ಹೊರಿಸಿದ ಧರ್ಮವು ಬಹುಕಾಲ ನಿಲ್ಲಲಾರದೆಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ತೋಳವು ಉಳಿಯಬೇಕೆಂದು ಬಯಸುವವನು ಮೊದಲು ಕುರಿಗಾಹಿಯ ಹೊರೆಗೆ ಹೆಗಲು ಕೊಡತಕ್ಕದ್ದು. ಅವನು ತೆರುವ ಕಂದಾಯದಲ್ಲಿಯೂ, ಕೊಳ್ಳುವ ಉಣ್ಣೆ, ಗಿಣ್ಣುಗಳ ಬೆಲೆಯಲ್ಲಿಯೂ ಆ ಕಾವಲಿನ ಕೂಲಿಯು ಸೇರಿರಲಿ. ಅದಕ್ಕೆ ಒಪ್ಪದವನು ದೂರದ ಕಾಡಿನ ಮೃಗಕ್ಕೆ ತೋರುವ ಮರುಕವು ಪರರ ಹಣದಿಂದ ಮಾಡಿದ ದಾನದಂತೆಯೇ ಸರಿ.