ಕಂಪೈಲರಿಗೆ ಎಷ್ಟು ಬಾಗಿಲು?

ನಾವು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಜಿಸಿಸಿ ಕಂಪೈಲರ್ ಸ್ವತಂತ್ರ ತಂತ್ರಾಂಶ. ಆದರೂ ಅದರ ಒಳಭಾಗಗಳನ್ನು ಬಿಡಿಬಿಡಿಯಾಗಿ ಬಳಸುವಂತೆ ಮಾಡಲು ರಿಚರ್ಡ್ ಸ್ಟಾಲ್‌ಮನ್ ಬಹುಕಾಲ ಒಪ್ಪಲಿಲ್ಲ. ಬಾಗಿಲಿಟ್ಟರೆ ಕಂಪನಿಗಳು ತಮ್ಮ ಗುಟ್ಟಿನ ತುಣುಕು ಜೋಡಿಸಿಕೊಂಡು, ಯಾರಿಗೂ ಏನೂ ಕೊಡದೆ ಹೋಗುತ್ತವೆ ಎಂಬ ಭಯ. ಸುಳ್ಳು ಭಯವೇನಲ್ಲ: ಆಬ್ಜೆಕ್ಟಿವ್-ಸಿ ಭಾಗವನ್ನು ಮುಚ್ಚಿಡಲು ನೋಡಿದ ನೆಕ್ಸ್ಟ್ ಕಂಪನಿ, ಜಿಪಿಎಲ್ ಪರವಾನಗಿ ಇದ್ದುದರಿಂದಲೇ ಅದನ್ನು ಬಿಟ್ಟುಕೊಟ್ಟಿತು.

ಆದರೆ ಆ ಎಚ್ಚರದ ಬೆಲೆ ತೆತ್ತವರಲ್ಲಿ ಹೊಸ ಭಾಷೆ ಕಟ್ಟಲು ಹೊರಟ ವಿದ್ಯಾರ್ಥಿಯೂ ಇದ್ದ. 2000ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಎಲ್‌ಎಲ್‌ವಿಎಂ ಬಿಡಿ ತುಣುಕುಗಳಾಗಿಯೇ ಬೆಳೆಯಿತು. ರಸ್ಟ್, ಸ್ವಿಫ್ಟ್ ಅದರ ಮೇಲೆ ನಿಂತಿವೆ. ಮುಚ್ಚಿದ ಸರಕಿನೊಳಗೂ ಅದು ಸೇರುತ್ತದೆ, ನಿಜ. ಆದರೂ ಓದಲು ಸಿಕ್ಕಿ ಬಿಡಿಸಲು ಬಾರದ ಕೋಡನ್ನು ಪೂರ್ತಿ ಸ್ವತಂತ್ರ ಎನ್ನಲು ನನಗೆ ಮನಸ್ಸು ಬಾರದು. 2010ರಲ್ಲಿ ಜಿಸಿಸಿಯೂ ಪ್ಲಗಿನ್‌ಗಳಿಗೆ ಬಾಗಿಲು ತೆರೆಯಿತು. ಜಿಪಿಎಲ್‌ಗೆ ಹೊಂದುತ್ತೇನೆಂದು ಹೇಳಿಕೊಳ್ಳದ ಪ್ಲಗಿನ್ನನ್ನು ಮಾತ್ರ ಅದು ಇಂದಿಗೂ ಒಳಗೆ ಬಿಡುವುದಿಲ್ಲ.