ಎರಡನೆಯ ಚಿಕಿತ್ಸೆಯೂ ದೇಹಮಮತೆಯೂ

ಹೃತ್ಕರ್ಣದ ಅನಿಯತ ಬಡಿತಕ್ಕೆ ಒಮ್ಮೆ ಅಬ್ಲೇಷನ್ ಮಾಡಿಸಿಕೊಂಡ ಶ್ರಾವಕನಿಗೆ ಅದು ಮರುಕಳಿಸಿದರೆ, ಮತ್ತೊಮ್ಮೆ ಮಾಡಿಸುವುದು ದೇಹಮಮತೆಯೇ? ನನ್ನ ಮುಂದಿರುವ ಪ್ರಶ್ನೆಯಿದು. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿದ ರೋಗವು ಪ್ರತೀಕಾರವಿಲ್ಲದ್ದು, ಇದು ಅಂಥದಲ್ಲ. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಈ ಕ್ಷೋಭೆ ಬಹುಮಟ್ಟಿಗೆ ಶ್ವಾಸಕೋಶದಿಂದ ಬರುವ ರಕ್ತನಾಳಗಳಲ್ಲಿ ಹುಟ್ಟುವುದೆಂದು ತೋರಿಸಿದರು. ಅವುಗಳ ಬಾಯಿಯ ಸುತ್ತ ಸುಟ್ಟು ಕಟ್ಟಿದ ಒಡ್ಡಿನಲ್ಲಿ ಎಡೆ ಬಿದ್ದರೆ ಅದು ಮತ್ತೆ ನುಸುಳುತ್ತದೆ. ಎರಡನೆಯ ಸಲ ಮುಚ್ಚುವುದು ಆ ಎಡೆಯನ್ನೇ.

ತತ್ತ್ವಾರ್ಥಸೂತ್ರವು ಜೀವಿತಾಶಂಸೆಯಂತೆ ಮರಣಾಶಂಸೆಯನ್ನೂ ಅತಿಚಾರವೆನ್ನುತ್ತದೆ. ನಮ್ಮವರು ಮೊದಲನೆಯದನ್ನಷ್ಟೇ ನೆನೆಯುತ್ತಾರೆ. ಔಷಧದಿಂದಲೇ ಬಡಿತ ಹತೋಟಿಗೆ ಬಂದು ಸಾಮಾಯಿಕಕ್ಕೆ ಕುಳಿತುಕೊಳ್ಳಲಾಗುವುದಾದರೆ ಎರಡನೆಯದು ಬೇಡ. ನನಗೆ ಬಸದಿಯ ಮೆಟ್ಟಿಲು ಹತ್ತುವುದೂ ಆಗದು. ಮಾಡಿಸಿಕೊಳ್ಳುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಗುಳಿಗೆಯನ್ನು ಅಷ್ಟಮಿ, ಚತುರ್ದಶಿಗಳಲ್ಲೂ ಬಿಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಆ ದಿನಗಳ ಉಪವಾಸವನ್ನು ಏಕಾಶನಕ್ಕೆ ಇಳಿಸಿದ್ದೇನೆ.