ಚಾಚಿದ ಕೈಗಳು

ಎರಡು ವರ್ಷ ಶಿಕಾಗೋದಲ್ಲಿದ್ದಾಗ ನಾನು ಕಬ್ಸ್ ಅಭಿಮಾನಿಯಾದೆ. ಬೇಸ್‌ಬಾಲ್ ಪೂರ್ತಿ ಅರ್ಥವಾಯ್ತು ಅಂತಲ್ಲ, ರಿಗ್ಲಿ ಫೀಲ್ಡ್ ಇಷ್ಟವಾಯ್ತು. 1914ರ ಸ್ಟೇಡಿಯಂ. ಇಟ್ಟಿಗೆ ಗೋಡೆ ತುಂಬಾ ಹಸಿರು ಬಳ್ಳಿ. ಸ್ಕೋರ್‌ಬೋರ್ಡ್‌ನಲ್ಲಿ ಇವತ್ತಿಗೂ ಒಳಗೆ ಕೂತವರು ಕೈಯಲ್ಲೇ ನಂಬರ್ ಬದಲಾಯಿಸ್ತಾರೆ. ಊರಿಗೆ ವಾಪಸ್ ಬರೋ ಮುಂಚೆ ಕೊನೇ ಸಲ ಅಂತ, ಒಂದು ಮಧ್ಯಾಹ್ನದ ಆಟಕ್ಕೆ ರೂಮ್‌ಮೇಟ್ ಜೊತೆ ಹೋಗಿದ್ದೆ. ಸೀಟು ಎಡಗಡೆ ಗೆರೆಯ ಪಕ್ಕ, ಮೈದಾನಕ್ಕೆ ಹತ್ತಿರ.

ಕ್ರಿಕೆಟ್ಟಲ್ಲಿ ಸಿಕ್ಸರ್ ಹೋದ ಚೆಂಡನ್ನ ನಾವು ವಾಪಸ್ ಎಸೀತೀವಿ. ಇಲ್ಲಿ ಹಾಗಲ್ಲ. ಜನರ ಮಧ್ಯೆ ಬಿದ್ದ ಚೆಂಡು ಹಿಡಿದವರದ್ದು, ಮನೆಗೆ ತಗೊಂಡು ಹೋಗಬಹುದು. ಅದಕ್ಕೇ ಅಜ್ಜಂದಿರೂ ಕೈಗೆ ಗ್ಲೌಸ್ ಹಾಕ್ಕೊಂಡು ಕೂತಿರ್ತಾರೆ.

ಆರನೇ ಇನಿಂಗ್ ಇರಬೇಕು. ನನ್ನ ಗಮನ ಹಾಟ್‌ಡಾಗ್ ಮೇಲಿತ್ತು. "ಏಳೋ ಮಗಾ, ನಮ್ ಕಡೆಗೇ ಬರ್ತಿದೆ!" ಅಂದ ರೂಮ್‌ಮೇಟ್. ತಲೆ ಎತ್ತಿದ್ರೆ ಚೆಂಡು. ಎದ್ದು ಕೈ ಚಾಚಿದೆ. ಅಕ್ಕಪಕ್ಕದವರೂ ಚಾಚಿದರು. ಚೆಂಡು ನಮ್ಮ ತಲೆ ದಾಟಿ ಎರಡು ಸಾಲು ಹಿಂದೆ ಬಿತ್ತು. ಆಮೇಲೆ ನೋಡ್ತೀನಿ, ಗೋಡೆ ಹತ್ರ ನಮ್ಮದೇ ಟೀಮಿನ ಫೀಲ್ಡರ್ ಗ್ಲೌಸ್ ಎತ್ತಿ ನಿಂತಿದ್ದಾನೆ. ಅವನು ಓಡಿ ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ಕೂತ್ಕೊಂಡು ಶರ್ಟ್ ಮೇಲಿನ ಸಾಸಿವೆ ಒರೆಸ್ಕೊಂಡೆ. ರೂಮ್‌ಮೇಟ್ ನಗ್ತಾ, "ಬಚಾವಾದೆ. 2003ರ ಕಥೆ ಗೊತ್ತಲ್ವಾ?" ಅಂದ.

ಶಿಕಾಗೋದಲ್ಲಿ ಅದು ಗೊತ್ತಿಲ್ಲದವರಿಲ್ಲ. 2003ರ ಅಕ್ಟೋಬರ್ 14, ಇದೇ ಮೈದಾನ, ಇದೇ ಎಡಗಡೆ ಗೆರೆ. ಕಬ್ಸ್ ವರ್ಲ್ಡ್ ಸೀರೀಸ್ ಗೆದ್ದು ಆಗಲೇ 95 ವರ್ಷ ಆಗಿತ್ತು, ಅದರಲ್ಲಿ ಆಡಿ 58 ವರ್ಷ. ಆವತ್ತು ಫ್ಲೋರಿಡಾ ಮಾರ್ಲಿನ್ಸ್ ವಿರುದ್ಧ 3-0 ಮುಂದಿದ್ರು. ಎಂಟನೇ ಇನಿಂಗ್, ಇನ್ನು ಐದೇ ಐದು ಔಟ್ ಬೇಕಿತ್ತು. ಆಗ ಒಂದು ಚೆಂಡು ಗೋಡೆಯ ಕಡೆಗೆ ಬಂತು. ಮೊಯ್ಸೆಸ್ ಅಲೂ ಹಿಡಿಯೋಕೆ ಹಾರಿದ. ಮೇಲಿಂದ ಹಲವು ಕೈ ಚಾಚಿದವು, ಒಬ್ಬನ ಕೈಗೆ ಮಾತ್ರ ತಾಗಿತು. ಕ್ಯಾಚ್ ತಪ್ಪಿತು. ನಿಯಮದ ಪ್ರಕಾರ ಅವನ ತಪ್ಪಿಲ್ಲ ಅಂತ ಅಂಪೈರ್ ಹೇಳಿದ್ರು. ಆಮೇಲೆ ಅದೇ ಇನಿಂಗಲ್ಲಿ ಕಬ್ಸ್ ಶಾರ್ಟ್‌ಸ್ಟಾಪ್ ಕೈಗೆ ಬಂದ ಸುಲಭದ ಚೆಂಡು ಬಿಟ್ಟ, ಮಾರ್ಲಿನ್ಸ್ ಎಂಟು ರನ್ ಹೊಡೆದ್ರು. ಮರುದಿನದ ಪಂದ್ಯವೂ ಹೋಯ್ತು. ಆದ್ರೆ ಬೈಗುಳ, ಬಿಯರ್ ಎರಚಾಟ ಎಲ್ಲ ಬಿದ್ದದ್ದು ಆ ಒಬ್ಬ ಅಭಿಮಾನಿಯ ಮೇಲೆ. ಸೆಕ್ಯುರಿಟಿಯವರು ಅವನನ್ನ ಮುಖ ಮುಚ್ಚಿಸಿ ಹೊರಗೆ ಕರ್ಕೊಂಡು ಹೋಗಬೇಕಾಯ್ತು. ಪಕ್ಕದಲ್ಲಿ ಕೈ ಚಾಚಿದ್ದವರು ಏನಾದ್ರು? ಯಾರೂ ಕೇಳಲಿಲ್ಲ.

ಥಾಮಸ್ ನೇಗಲ್ ಅನ್ನೋ ತತ್ವಶಾಸ್ತ್ರಜ್ಞ ಇದನ್ನ ನೈತಿಕ ಅದೃಷ್ಟ ಅಂತಾನೆ. ನಮ್ಮೂರಿನ ಉದಾಹರಣೆ ತಗೊಳ್ಳಿ. ಇಬ್ಬರು ಫೋನ್ ನೋಡ್ತಾ ಗಾಡಿ ಓಡಿಸ್ತಿದ್ದಾರೆ. ಒಬ್ಬನ ಮುಂದೆ ಮಗು ಅಡ್ಡ ಬಂತು, ಇನ್ನೊಬ್ಬನ ಮುಂದೆ ಬರಲಿಲ್ಲ. ಇಬ್ಬರೂ ಮಾಡಿದ್ದು ಒಂದೇ. ಆದ್ರೆ ಒಬ್ಬ ಜೈಲಿಗೆ, ಇನ್ನೊಬ್ಬ ಮನೆಗೆ.

ಹಾಗಂತ ಇಬ್ಬರೂ ಒಂದೇ ಅಂದುಬಿಟ್ರೂ ಸರಿಯಾಗಲ್ಲ. ಬರ್ನಾರ್ಡ್ ವಿಲಿಯಮ್ಸ್ ಒಬ್ಬ ಲಾರಿ ಡ್ರೈವರ್ ಬಗ್ಗೆ ಬರೀತಾನೆ. ತನ್ನ ತಪ್ಪಿಲ್ಲದಿದ್ರೂ ಅವನ ಗಾಡಿಗೆ ಮಗು ಸಿಕ್ಕಿ ಸತ್ತಿದೆ. ಅವನಿಗೆ ಆಗೋ ಸಂಕಟ ರಸ್ತೆ ಬದಿ ನಿಂತು ನೋಡಿದವನಿಗೆ ಆಗಲ್ಲ. ಆಗಲೂಬಾರದು. "ನನ್ ತಪ್ಪಿಲ್ಲ ಬಿಡಿ" ಅಂತ ಆ ಡ್ರೈವರ್ ಟೀ ಕುಡಿಯೋಕೆ ಹೋದ್ರೆ ನಮಗೇ ಕಸಿವಿಸಿ. ಹಾಗಾಗಿ ಆ ಅಭಿಮಾನಿ ಮರುದಿನ ಕ್ಷಮೆ ಕೇಳಿದ್ದು ನನಗೆ ವಿಚಿತ್ರ ಅನ್ಸಲ್ಲ. ಸಂಕಟ ಅವನದ್ದೇ. ಆದ್ರೆ ತಪ್ಪು ಅವನೊಬ್ಬನದ್ದಲ್ಲ, ನಿಜಕ್ಕೂ ತಪ್ಪು ಅನ್ನೋದು ಇದ್ರೆ.

ಇದನ್ನ ಇಷ್ಟು ತಲೆ ಕೆಡಿಸ್ಕೊಂಡು ಬರೆಯೋಕೆ ಕಾರಣ ಬೇಸ್‌ಬಾಲ್ ಅಲ್ಲ. ಶಿಕಾಗೋಗೆ ಹೋಗೋ ಮುಂಚೆ ನಮ್ಮ ಟೀಮಲ್ಲಿ ಒಂದು ರಿಲೀಸ್ ಕೆಟ್ಟಿತು. ಶುಕ್ರವಾರ ಸಂಜೆ. ಕೋಡ್ ನೋಡಿ ಒಪ್ಪಿಗೆ ಕೊಡಬೇಕಾದವರು ನಾಲ್ಕು ಜನ. ನಾಲ್ವರೂ ಓದದೆ ಓಕೆ ಒತ್ತಿದ್ವಿ. ನಾನಂತೂ ಕ್ಯಾಬಲ್ಲಿ ಕೂತು ಒತ್ತಿದೆ. ಕೊನೇ ಬಟನ್ ಒತ್ತಿದ್ದು ಸೇರಿ ಆರು ತಿಂಗಳಾಗಿದ್ದ ಹುಡುಗಿ. ಮೂರು ಗಂಟೆ ಪೇಮೆಂಟ್ ನಿಂತುಹೋಯ್ತು. ಸೋಮವಾರದ ಮೀಟಿಂಗಲ್ಲಿ ಸ್ಕ್ರೀನ್ ಮೇಲೆ ಇದ್ದದ್ದು ಅವಳ ಹೆಸರು. "ಸಾರಿ ಸರ್, ನಾನೇ ಚೆಕ್ ಮಾಡ್ಬೇಕಿತ್ತು" ಅಂದಳು. ನಾನು ಮ್ಯೂಟ್‌ನಲ್ಲಿದ್ದೆ. ಎರಡು ತಿಂಗಳಾದ ಮೇಲೆ ಕೆಲಸ ಬಿಟ್ಟಳು. ಫೇರ್‌ವೆಲ್ ಕಾರ್ಡ್ ಮೇಲೆ "ಆಲ್ ದಿ ಬೆಸ್ಟ್" ಬರೆದೆ.

2016ರಲ್ಲಿ ಕಬ್ಸ್ ಕೊನೆಗೂ ವರ್ಲ್ಡ್ ಸೀರೀಸ್ ಗೆದ್ದರು. ಮರುವರ್ಷ ಆ ಅಭಿಮಾನಿಯನ್ನ ಕರೆದು ಚಾಂಪಿಯನ್ ಉಂಗುರ ಕೊಟ್ಟರು. ಒಳ್ಳೇದೇ ಮಾಡಿದ್ರು. ಆದ್ರೆ ಗೆಲ್ಲದೇ ಇದ್ದಿದ್ರೆ ಕೊಡ್ತಿದ್ರಾ? ಕ್ಷಮೆಯೂ ಸ್ಕೋರ್‌ಬೋರ್ಡ್ ನೋಡ್ಕೊಂಡೇ ಬರೋದಾದ್ರೆ ಅದನ್ನ ಏನಂತ ಕರೀಬೇಕೋ ನನಗೆ ತಿಳೀತಿಲ್ಲ.

ಆವತ್ತು ನಮ್ಮವರು ಗೆದ್ದರು. ಬಿಳಿ ಬಾವುಟ ಏರಿತು, ಎಲ್ಲ ಹಾಡಿದ್ರು, ನಾನೂ ಬಾಯಾಡಿಸಿದೆ. ವಾಪಸ್ ರೈಲಲ್ಲಿ ರೂಮ್‌ಮೇಟ್ 2003ರ ವಿಡಿಯೋ ಹಾಕಿ ಫೋನ್ ನನ್ನ ಕೈಗೆ ಕೊಟ್ಟ. ಈ ಸಲ ಚೆಂಡು ನೋಡಲಿಲ್ಲ. ಅಕ್ಕಪಕ್ಕದ ಕೈಗಳನ್ನ ಮಾತ್ರ ನೋಡಿದೆ. ತಾಗಿಲ್ಲ ಅಂತ ಗೊತ್ತಾದ ಮರುಕ್ಷಣ ಅವು ಎಷ್ಟು ಬೇಗ ಕೆಳಗಿಳೀತವೆ ಅಂದ್ರೆ, ಎರಡು ಸಲ ಹಿಂದೆ ಹಾಕಿ ನೋಡಬೇಕಾಯ್ತು.